ಕಳ್ಳ ಉಸಿರು

ಮಂಗಳವಾರ, ಬೆಳಗ್ಗೆ

ತಂಗೀ,

ನೀನೂ ಮಗಳೂ ಆ ಹೊಸ ಕೂಸೂ ಚೆನ್ನಾಗಿದ್ದೀರೆಂದು ನಂಬಿ ಬರೆಯುತ್ತಿದ್ದೇನೆ. ನಿನ್ನ ಮೂರು ಕಾಗದಕ್ಕೂ ಉತ್ತರ ಹಾಕಲಿಲ್ಲ, ತಪ್ಪಾಯಿತು. ಫೋನಿನಲ್ಲಿ ನನಗೆ ಬೈಯುವುದೊಂದೇ ಬರುವುದು, ನಿನಗೆ ಗೊತ್ತು. ನಮ್ಮ ವಾದ್ಯದವರಲ್ಲಿ ಕೊಳಲು ನುಡಿಸುವ ಹುಡುಗಿ ನಾಳೆ ನಿನ್ನ ಮಗಳ ಊರಿಗೆ ಬರುತ್ತಾಳೆ, ಅವಳ ಕೈಯಲ್ಲೇ ಇದನ್ನು ಕಳಿಸುತ್ತೇನೆ.

ಭಾನುವಾರ ಸಂಜೆ ಐದಕ್ಕೆ ನಮ್ಮ ಗಾಯನ ಮೇಳದ ಹಾಡು. ಇಷ್ಟು ವರ್ಷ ಆ ಕೆಮ್ಮುವ ಪಿಯಾನೋ ಒಂದನ್ನೇ ನೆಚ್ಚಿಕೊಂಡಿದ್ದೆವಲ್ಲ, ಈ ಸಲ ಪಿಟೀಲು, ಕಹಳೆ, ನಗಾರಿ ಎಲ್ಲ ಸೇರಿ ನಲವತ್ತು ಮಂದಿ. ಒಂಟಿಯಾಗಿ ಹಾಡಲು ಹೊರಗಿನಿಂದ ನಾಲ್ವರು ಬಂದಿದ್ದಾರೆ. ಸತ್ತವರ ಶಾಂತಿಗೆಂದು ಯಾವ ಕಾಲದಲ್ಲೋ ಬರೆದ ದೊಡ್ಡ ಕೃತಿ. ಕೋಲು ಬೀಸಿ ನಮ್ಮನ್ನೆಲ್ಲ ಹಾಡಿಸುವ ಕೋಲಮ್ಮ ಎರಡು ತಿಂಗಳಿಂದ ನಕ್ಕಿರಲಿಲ್ಲ. ಸತ್ತೋರಿಗೆ ಇಷ್ಟುದ್ದ ಹಾಡಿದ್ರೆ ಅವ್ರೇ ಎದ್ದು ಬಂದು ಸಾಕು ಅಂತಾರೆ ಎಂದು ಬೇಕರಿಯವಳು ಅಂದಳು. ಎಲ್ಲರೂ ನಕ್ಕರು. ನಿನ್ನ ಗಂಡ ನಗಲು ಹೋಗಿ ಗೋಡೆ ಹಿಡಿದುಕೊಂಡ.

ಅವನ ವಿಷಯಕ್ಕೇ ಈ ಕಾಗದ.

ಇಪ್ಪತ್ತಾರು ವರ್ಷದಿಂದ ನಾನೂ ಅವನೂ ಅಕ್ಕಪಕ್ಕ ನಿಂತು ಹಾಡುತ್ತಿದ್ದೇವೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಪೈಪಿನ ಕೆಲಸಕ್ಕೆ ಹೋದವನು, ಆ ಸ್ವರದ ಕಾಗದ ನನಗೆ ಇರುವೆ ಸಾಲು. ನಿನ್ನ ಗಂಡ ದರ್ಜಿಯಾದರೂ ಅದನ್ನು ಓದುತ್ತಾನೆ. ಅವನ ದನಿ ನನ್ನ ಕಿವಿಗೆ ಬೀಳುತ್ತದೆ, ನಾನು ಹಾಡುತ್ತೇನೆ. ಈ ಕೃತಿಯ ಮೂರನೇ ಭಾಗದಲ್ಲಿ ದಪ್ಪ ದನಿಯವರು ಒಂದೇ ಸ್ವರವನ್ನು ಇಪ್ಪತ್ನಾಲ್ಕು ಎಣಿಕೆಯವರೆಗೆ ಬಿಡದೆ ಹಿಡಿಯಬೇಕು. ಯಾವ ಗಂಡಸಿಗೂ ಅಷ್ಟು ಉಸಿರಿಲ್ಲ. ಅದಕ್ಕೆ ನಮ್ಮಲ್ಲಿ ಕಳ್ಳ ಉಸಿರು ಅಂತ ಇದೆ. ಒಬ್ಬ ಉಸಿರೆಳೆದುಕೊಳ್ಳುವಾಗ ಜೊತೆಯವನು ಸ್ವರ ಹಿಡಿದಿರುತ್ತಾನೆ, ಕೂತು ಕೇಳುವವರಿಗೆ ಎಲ್ಲೂ ಕಡಿದಂತೆ ಅನಿಸುವುದಿಲ್ಲ. ಯಾರು ಎಲ್ಲಿ ಎಳೆಯಬೇಕೆಂದು ಅವನು ಪುಸ್ತಕದಲ್ಲಿ ಗುರುತು ಹಾಕುತ್ತಾನೆ, ಅವನದು ನೀಲಿ, ನನ್ನದು ಕೆಂಪು.

ನೀನು ಹೋದ ಮೇಲೆ ಒಂದು ದಿನ ನೋಡುತ್ತೇನೆ, ನನ್ನ ಕೆಂಪು ಗುರುತುಗಳನ್ನು ಅಳಿಸಿದ್ದಾನೆ, ಪುಟದ ತುಂಬ ನೀಲಿ, ಉಸಿರೆಲ್ಲ ಅವನಿಗೇ. ನನಗೆ ಸಿಟ್ಟು ನೆತ್ತಿಗೇರಿತು. ಎಲ್ಲರೆದುರಿಗೆ ಕೂಗಾಡಿದೆ, ಇಂಥ ಹೊಲಿಗೆ ಹಾಕಿದ್ರೆ ಗಿರಾಕಿ ಅಂಗೀನ ಮುಖಕ್ಕೆ ಎಸೀತಾನೆ ಅಂದೆ. ಅವನು ಆಮೇಲೆ ಕೋಟು ನೇತುಹಾಕುವ ಕೋಣೆಗೆ ಕರೆದುಕೊಂಡು ಹೋಗಿ ಕಾಲುಚೀಲ ಇಳಿಸಿದ. ಕಾಲು ಊದಿಕೊಂಡು ಕಂಬವಾಗಿತ್ತು. ಬೆರಳಿಟ್ಟು ಒತ್ತಿ ತೋರಿಸಿದ, ನಾದಿದ ಹಿಟ್ಟಿನಲ್ಲಿ ಉಳಿಯುವ ಹಾಗೆ ಗುಳಿ ಉಳಿಯಿತು. ಹೃದಯ ಅರ್ಧದಷ್ಟೂ ಕೆಲಸ ಮಾಡುತ್ತಿಲ್ಲ, ಮೆಟ್ಟಿಲು ಹತ್ತಬೇಡ, ಹಾಡು ಬಿಡು ಎಂದಿದ್ದಾರಂತೆ ಡಾಕ್ಟರು. ಈಗೀಗ ಅಡ್ಡ ಮಲಗಿದರೆ ಉಸಿರು ಸಿಗುವುದಿಲ್ಲವೆಂದು ಕುರ್ಚಿಯಲ್ಲೇ ನಿದ್ದೆ ಮಾಡುತ್ತಾನೆ.

"ಭಾವ, ಆ ಪಿಟೀಲುಗಳ ಮಧ್ಯೆ ನಿಂತು ಒಂದೇ ಒಂದ್ಸಲ ಹಾಡ್ಬಿಡ್ತೀನಿ," ಅಂದ. "ಅವಳಿಗೆ ಹೇಳ್ಬೇಡ."

ನಾನು ಪೈಪಿನವನಲ್ಲವೇ, ಸೋರುವ ಜಾಗ ಮುಚ್ಚುವುದಷ್ಟೇ ಗೊತ್ತು. ನೀನು ಸುಮ್ಮನೆ ತುಟಿ ಆಡಿಸು, ನಾನು ಹಿಡೀತೀನಿ ಅಂದೆ. ಕಣ್ಣಿಗೆ ಕತ್ತಲೆ ಬರುವವರೆಗೂ ಇಬ್ಬರ ಪಾಲಿನದನ್ನೂ ಹಿಡಿದೆ. ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗದೆ ಹೋದದ್ದೇ ಕೆಟ್ಟದ್ದಾಯಿತು.

ನಿನ್ನೆ ಎಲ್ಲ ವಾದ್ಯಗಳ ಜೊತೆ ಮೊದಲ ಅಭ್ಯಾಸ. ಇನ್ನೊಂದು ಬದಿಯಲ್ಲಿ ದಪ್ಪ ದನಿ ಸಾಲುತ್ತಿಲ್ಲ ಎಂದು ಕೋಲಮ್ಮ ನಿಲ್ಲಿಸಿದಳು. "ನಿಮ್ಮಿಬ್ಬರ ಜಾಗದಿಂದ ಒಂದು ಬಿರುಕೂ ಕೇಳಲ್ಲ. ದರ್ಜಿಯವರು ಆ ತುದಿಗೆ ಹೋಗಿ," ಅಂದಳು. ಬಹುಮಾನ ಬಂದವನ ಹಾಗೆ ಹೋದ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲು, ನಗಾರಿಗಳ ಹಿಂದೆ. ಪಕ್ಕದಲ್ಲಿ ಹೊಸದಾಗಿ ಸೇರಿದ ಅಂಚೆಯವನು, ಅವನಿಗೆ ಇದೇನೂ ತಿಳಿಯದು. ನಮ್ಮಿಬ್ಬರ ನಡುವೆ ಹನ್ನೊಂದು ಜನ.

ಆ ಉದ್ದ ಸ್ವರ ಬಂತು. ಅದರ ಮೇಲೆ ಹೊರಗಿನಿಂದ ಬಂದ ಹೆಂಗಸು ತೆಳ್ಳಗೆ, ಚೆಂದಕ್ಕೆ ಹಾಡುತ್ತಿದ್ದಳು. ನಾನು ಕತ್ತು ತಿರುಗಿಸಿ ನೋಡಿದೆ. ನಿನ್ನ ಗಂಡನ ಬಾಯಿ ತೆರೆದೇ ಇತ್ತು, ದನಿ ಇರಲಿಲ್ಲ. ತುಟಿ ಹಳೇ ಸೀಸದ ಪೈಪಿನ ಬಣ್ಣ. ಎರಡೂ ಕೈಯಲ್ಲಿ ಹಿಂದಿನ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದ. ಕೋಲಮ್ಮ ಕೋಲು ಕುಟ್ಟಿ ನನ್ನತ್ತ ಕಣ್ಣು ಬಿಟ್ಟಳು. ನಾನು ಮತ್ತೆ ಮುಂದಕ್ಕೆ ತಿರುಗಿ ಹಾಡಿದೆ.

ಮುಗಿದ ಮೇಲೆ ನೇರ ಹೋಗಿ, ಅವನನ್ನ ಮೇಲೆ ಹತ್ತಿಸ್ಬೇಡಿ, ಹುಷಾರಿಲ್ಲ ಎಂದು ಅವಳಿಗೆ ಹೇಳಿದೆ. ಅಷ್ಟರಲ್ಲಿ ಇವನು ಮುಖ ಒರೆಸಿಕೊಂಡು ಬೆನ್ನ ಹಿಂದೆಯೇ ಬಂದಿದ್ದ.

"ನಮ್ಮ ಭಾವಂಗೆ ಜೊತೆ ತಪ್ಪಿಸಿದ್ರಲ್ಲ ಅಂತ ಕೋಪ, ಟೀಚರ್. ನೀವೇನೂ ತಲೆಗೆ ಹಚ್ಕೋಬೇಡಿ."

ಎಲ್ಲರೂ ನಕ್ಕರು, ಕೋಲಮ್ಮ ಕೂಡ. ನನ್ನ ಬಾಯಿ ಎಂಥದೆಂದು ಊರಿಗೇ ಗೊತ್ತಲ್ಲ, ಯಾರು ನಂಬುತ್ತಾರೆ? ಹತ್ತಬೇಡವೆಂದು ರಾತ್ರಿಯಿಂದ ನಾನು ಅವನಿಗೆ ನಾಲ್ಕು ಸಲ ಹೇಳಿದ್ದೇನೆ. ಕೋಟಿನ ಗುಂಡಿ ಬಿಗಿ ಮಾಡಿಕೊಳ್ಳುತ್ತ ಕೂತಿದ್ದಾನೆ, ಕೇಳುವುದಿಲ್ಲ.

ನೀನು ಶನಿವಾರದೊಳಗೆ ಬಾ. ನನ್ನ ಮಾತಿಗೆ ಅವನು ಇಳಿಯುವುದಿಲ್ಲ, ನೀನು ಎದುರು ನಿಂತರೆ ಇಳಿದಾನು. ಮಗಳಿಗೆ ನನ್ನ ಆಶೀರ್ವಾದ, ಕೂಸಿನ ತಲೆ ಮುಟ್ಟಿ ನಾನು ಹರಸಿದೆನೆಂದು ಹೇಳು.

ನಿನ್ನ ಅಣ್ಣ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗಲಿಲ್ಲ. 'ನೀನು ಹೋದ ಮೇಲೆ' ಎಂದು ಬರೆದದ್ದು ಸುಳ್ಳು. ಅವನು ಕಾಲು ತೋರಿಸಿದಾಗ ನೀನಿನ್ನೂ ಇಲ್ಲೇ ಇದ್ದೆ. ಮಗಳ ಹೆರಿಗೆಗೆ ಇನ್ನೂ ಐದು ವಾರ ಇದೆಯಲ್ಲಣ್ಣಾ ಎಂದು ನೀನಂದರೂ ಬೈದು ಬಸ್ಸು ಹತ್ತಿಸಿದ್ದು, ನೀನು ಆ ಕಾಲನ್ನು ನೋಡಬಾರದೆಂದು. ನಿನ್ನನ್ನು ಕಳಿಸೆಂದು ಅವನು ಕೇಳಿರಲಿಲ್ಲ. ನೀನು ನೋಡಿದ್ದರೆ ಅವನಿಂದ ಹಾಡು ಬಿಡಿಸುತ್ತಿದ್ದೆ. ಅವನು ಬಿಟ್ಟರೆ ನಾನೂ ಬಿಡಬೇಕು, ಪಕ್ಕದಲ್ಲಿ ಅವನಿಲ್ಲದೆ ನನಗೆ ಒಂದು ಸಾಲೂ ಹಾಡಲು ಬರುವುದಿಲ್ಲ.