ಪೈನ್ ಎಣ್ಣೆಯ ವಾಸನೆ ಹಿಡಿದು ಬಂದವರು

ನನ್ನ ಮೇಲೆ ಮುನಿದಿರುವ ಅತ್ತೆಯವರಿಗೆ,

ನೀವು ಮಗಳ ಮನೆಗೆ ಹೋದಂದಿನಿಂದ ನಿಮ್ಮ ಮಗನ ಫೋನೂ ಎತ್ತುತ್ತಿಲ್ಲ. ಆದರೆ ಕಾಗದ ಓದದೆ ಇರಲಾರಿರಿ. ದಿನಸಿ ಕಟ್ಟಿಕೊಟ್ಟ ಹಳೆಯ ಪೇಪರನ್ನೂ ಬಿಡದವರು ನೀವು.

ನಮ್ಮ ಕೆಲಸ ನಿಮಗೆ ಮೊದಲಿನಿಂದಲೂ ನಗೆಪಾಟಲು. ಮನೆಯ ಮುಂದೆ, ಮರ ಕಡಿದ ಜಾಗದಲ್ಲಿ ನಾನೂ ನಿಮ್ಮ ಮಗನೂ ಪೈನ್ ಸಸಿ ನೆಟ್ಟಿದ್ದೇವಲ್ಲ, ಉದ್ದ ಮೂತಿಯ ಕಂದು ಹುಳವೊಂದು ಅವುಗಳ ತೊಗಟೆಯನ್ನು ಸುತ್ತಲೂ ಮೇಯ್ದುಬಿಟ್ಟರೆ ಸಸಿಯ ಕಥೆ ಮುಗಿಯಿತು. ಅದಕ್ಕೇ ನಾನು ಒಂದೊಂದರ ಕಾಂಡಕ್ಕೂ ಬುಡದಿಂದ ಮೇಣ ಬಳಿಯುವುದು. ನೀವು ಸೊಂಟದ ಮೇಲೆ ಕೈಯಿಟ್ಟು, "ಗಿಡಕ್ಕೆಲ್ಲ ಕಾಲುಚೀಲ ಹಾಕ್ತಾಳೆ, ಗಂಡನ ಕಾಲುಚೀಲ ನೋಡಿದ್ರೆ ಹೆಬ್ಬೆರಳು ಹೊರಗಿದೆ" ಅಂದಿರಿ. ನನಗೂ ನಗು ಬಂತು. ಬಿಗುಮಾನಕ್ಕೆ ನಗಲಿಲ್ಲ.

ಆಮೇಲೆ ನಿಮ್ಮ ನೆಲ ಒರೆಸುವ ಪರಾಕ್ರಮ ಶುರುವಾಯಿತು. ಒಂದು ಮುಚ್ಚಳ ಸಾಕಾಗುವ ಪೈನ್ ಎಣ್ಣೆಯನ್ನು ಅರ್ಧ ಬಾಟಲಿ ಬಗ್ಗಿಸಿ ಮೆಟ್ಟಿಲು, ಹಜಾರ, ನಿಮ್ಮ ಕೋಣೆ ಎಲ್ಲ ಒರೆಸಿದಿರಿ. ಮರುದಿನ ಆ ಹುಳಗಳು ಕರೆದ ನೆಂಟರಂತೆ ಸಾಲಾಗಿ ಮೆಟ್ಟಿಲು ಹತ್ತಿ ನಿಮ್ಮ ಕೋಣೆಗೇ ಬಂದವು. ಒಂದಂತೂ ದಿಂಬಿನ ಮೇಲೆ ಆರಾಮಾಗಿ ಕೂತಿತ್ತು. "ಮನೆ ಕೊಳಕಾಗಿಟ್ಟು ನನ್ನನ್ನ ಓಡಿಸೋಕೆ ನೋಡ್ತಿದಾಳೆ. ಇನ್ನು ಈ ಹೊಸಿಲು ತುಳಿಯಲ್ಲ" ಎಂದು ಬಟ್ಟೆ ಚೀಲಕ್ಕೆ ತುಂಬಿದಿರಿ.

ನೀವು ಹೋದ ಮೇಲೆ ಸಸಿ ನೋಡಲು ಹುಳದ ಡಾಕ್ಟರು ಬಂದಿದ್ದರು. ಬಾಗಿಲಲ್ಲೇ ಮೂಸಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಹುಳಕ್ಕೆ ಪೈನ್ ವಾಸನೆಯೆಂದರೆ ಪ್ರಾಣವಂತೆ, ಎಲ್ಲಿದ್ದರೂ ಹುಡುಕಿ ಬರುತ್ತದಂತೆ. ಇಡೀ ಕಾಡು ನಮ್ಮ ಮನೆಯೊಳಗೇ ಇದೆಯೆಂದು ನಿಮ್ಮ ಬಕೆಟ್ಟು ಡಂಗುರ ಸಾರಿತ್ತು. ಅವು ಬಂದದ್ದು ನನ್ನ ಕೊಳಕಿಗಲ್ಲ ಅತ್ತೆ, ನಿಮ್ಮ ಶುಚಿಗೆ. ವಾಸನೆ ಆರಿದ್ದೇ ತಡ, ವಾಪಸ್ ಹೋಗಿ ಮೇಣ ಬಳಿಯದೆ ಉಳಿದಿದ್ದ ಸಸಿಗಳ ಮೇಲೆ ಬಿದ್ದವು.

ನಿಮ್ಮ ಮಗ ಇದೇ ಸಮಯವೆಂದು, "ಸಸಿ ಉಳಿಸೋಕೆ ನಿಮ್ಮ ಕೈಯೇ ಬೇಕು ಅಂತ ಬರಿ. ಕೆಲಸ ಇದೆ ಅಂದ್ರೆ ಅಮ್ಮ ಓಡಿ ಬರ್ತಾಳೆ" ಎಂದರು. ನನಗೆ ಸುಳ್ಳು ಬರೆಯಲು ಮನಸ್ಸಾಗಲಿಲ್ಲ. ನಿಮ್ಮ ಬಾಟಲಿಯಲ್ಲಿ ಉಳಿದ ಎಣ್ಣೆಯಲ್ಲಿ ಚಿಂದಿ ನೆನೆಸಿ, ಬಕೆಟ್ಟುಗಳಲ್ಲಿಟ್ಟು, ಅವುಗಳ ಬಾಯಿ ನೆಲಮಟ್ಟಕ್ಕೆ ಬರುವಂತೆ ಸಸಿಗಳ ನಡುವೆ ಹೂತಿದ್ದೇವೆ. ಹುಳಗಳೆಲ್ಲ ಅದರೊಳಗೆ ಬಿದ್ದು ಮೇಲೆ ಹತ್ತಲಾಗದೆ ಜಾರುತ್ತಿವೆ. ಮೇಣ ಬಳಿಯುವುದೂ ಮುಗಿಯಿತು. ನಿಮ್ಮ ಕೋಣೆಯಲ್ಲಿ ಒಂದು ಹುಳವೂ ಇಲ್ಲ, ನೆಲವನ್ನು ನಾನೇ ಬರೀ ನೀರಲ್ಲಿ ಒರೆಸಿದ್ದೇನೆ.

ಹಾಗಾಗಿ ಇಲ್ಲಿ ನಿಮಗೆ ಮಾಡಲು ಯಾವ ಕೆಲಸವೂ ಉಳಿದಿಲ್ಲ. ಸುಮ್ಮನೆ ಬನ್ನಿ ಅತ್ತೆ. ನೀವಿಲ್ಲದೆ ನನಗೆ ಬೇಜಾರು.

ಬೈದರೂ ಸರಿ, ಎದುರಿಗೆ ನಿಂತು ಹರಸಿ.

ನಿಮ್ಮ ಸೊಸೆ