ಕಮಲಾಪುರಕ್ಕೆ ಮರಳಿ ಹೋಗುವ ಮುನ್ನ

ಅಕ್ಕಾ,

ನೀನು ಕಣ್ಣು ಮುಚ್ಚಿದ ದಿನದಿಂದ ನನಗೆ ಅಳು ಬಂದಿಲ್ಲ ಎಂದರೆ ಬೈಯಬೇಡ. ಏನೂ ಅನ್ನಿಸುತ್ತಿಲ್ಲ, ಅಷ್ಟೇ. ಉಣ್ಣುತ್ತೇನೆ, ಮಲಗುತ್ತೇನೆ, ಡ್ಯೂಟಿಗೆ ಹೋಗುತ್ತೇನೆ.

ನೆನಪಿದೆಯಾ, ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ನೀನು, ನಾನು, ರಸೂಲಬಿ ಕಿಟಕಿ ಕಿಟಕಿಗೂ ಬುಟ್ಟಿ ಎತ್ತಿ ಹಿಡಿದು ಕೆಂಪು ಬಾಳೆಹಣ್ಣು ಮಾರುತ್ತಿದ್ದದ್ದು? ಕೂಸು ಕಂಡರೆ ಸಾಕು, ನೀನು ಮೊದಲು ಒಂದು ಹಣ್ಣು ಮುರಿದು ಅದರ ಕೈಗಿಡುತ್ತಿದ್ದೆ. ಆಮೇಲೆ ತಾಯಿ ಡಜನ್ ಕೊಳ್ಳದೆ ಎಲ್ಲಿಗೆ ಹೋದಾಳು! ಈಗ ಬರುವುದೆಲ್ಲ ಏಸಿ ಬಸ್ಸು. ಗಾಜು ತೆರೆಯುವುದಿಲ್ಲ. ನಾವು ಬಾಯಿ ಆಡಿಸುವುದನ್ನು ಒಳಗಿನವರು ಸುಮ್ಮನೆ ನೋಡುತ್ತಾರೆ. ನಿನ್ನ ಮಗಳು ಸುಜಾತಾಳ ನರ್ಸಿಂಗ್ ಫೀಸು ಅದರಲ್ಲಿ ಹುಟ್ಟುವಂತಿರಲಿಲ್ಲ. ಕಲಬುರಗಿಯ ದೊಡ್ಡ ಅಂಗಡಿಯೊಂದಕ್ಕೆ ಸೇರಿಕೊಂಡೆ. ಬಸ್ಸು ಹತ್ತಿಸಲು ಬಂದವಳು ರಸೂಲಬಿ ಒಬ್ಬಳೇ. "ಹೋಗವ್ವಾ, ಪೋರಿ ಓದ್ಲಿ. ನಮ್ದೇನೈತಿ, ಅಲ್ಲಾ ಅದಾನ" ಎಂದಳು.

ಮೊದಲ ದಿನ ನನ್ನನ್ನು ಹಣ್ಣಿನ ಕಡೆಗೇ ನಿಲ್ಲಿಸಿದರು. ಯಾವುದೋ ದೇಶದ ಸೇಬು, ಕಿವಿ ಹಣ್ಣು, ಪಕ್ಕದಲ್ಲಿ ಪ್ಲಾಸ್ಟಿಕ್ಕಿನೊಳಗೆ ನಮ್ಮ ಕೆಂಪು ಬಾಳೆ. ರೇಟು ಕೇಳಿದ್ದರೆ ನೀನು ಬಿದ್ದು ಬಿದ್ದು ನಗುತ್ತಿದ್ದೆ. ಟ್ರಾಲಿಯಲ್ಲಿ ಒಂದು ಕೂಸು ಕೂತು ಬಂತು ನೋಡು, ನನ್ನ ಕೈ ನನ್ನನ್ನು ಕೇಳಲೇ ಇಲ್ಲ. ಪ್ಯಾಕೆಟ್ ಹರಿದು, ಒಂದು ಮುರಿದು, ಅದರ ಕೈಗಿಟ್ಟೆ. ತಾಯಿ ಕಸಿದುಕೊಂಡು, "ತೊಳದಿಲ್ಲ ಅದು" ಎಂದು ನನಗೇ ವಾಪಸ್ ಕೊಟ್ಟಳು. ಮ್ಯಾನೇಜರ್ ಓಡಿ ಬಂದ. "ಹಿಂಗೆಲ್ಲ ಮಾಡಬ್ಯಾಡ್ರಿ, ಇದು ಬಸ್‌ಸ್ಟ್ಯಾಂಡ್ ಅಲ್ಲ. ಇನ್ನೊಮ್ಮೆ ಮಾಡಿದ್ರ ಮನಿಗೆ ಕಳಸ್ತೀನಿ." ಅವನಿಗೇನು ಗೊತ್ತು, ನೀನು... ಹೋಗಲಿ ಬಿಡು. "ಆಯ್ತ್ರೀ ಸರ" ಎಂದೆ. ನಾಚಿಕೆಯೂ ಆಗಲಿಲ್ಲ.

ನಿನ್ನೆ ಅದೇ ಮ್ಯಾನೇಜರ್ ಕುರ್ಚಿ ಕೊಟ್ಟು ಕೂರಿಸಿದ. ಕಮಲಾಪುರದ ಬಸ್‌ಸ್ಟ್ಯಾಂಡಿನ ಎದುರಿಗೇ ಅವರ ಹೊಸ ಅಂಗಡಿ ಆಗಿದೆಯಂತೆ.

"ನೀವು ಅಲ್ಲಿಯವ್ರು, ನಿಮ್ಮ ಮಾತು ಕೇಳ್ತಾರ. ಬಾಗಲ ಮುಂದ ಬುಟ್ಟಿ ಇಟ್ಕೊಂಡು ಕೂಡೋರನ್ನ ಎಬ್ಬಸ್ರಿ. ಸೂಪರ್‌ವೈಸರ್ ಮಾಡ್ತೀವಿ."

ಆ ಪಗಾರದಲ್ಲಿ ಸುಜಾತಾಳ ಕೊನೆಯ ವರ್ಷ ದಾಟುತ್ತದೆ. ಅವನ ಮಾತು ಕೇಳಿ ಎದೆಯಲ್ಲಿ ಏನಾದರೂ ಅಲುಗಬೇಕಿತ್ತಲ್ಲ? ಅಲುಗಲಿಲ್ಲ, ನನಗೆ ಅದರದೇ ಹೆದರಿಕೆ. "ಹೂಂ ರೀ" ಎಂದುಬಿಟ್ಟೆ. ನೀನಾಗಿದ್ದರೆ ಏನು ಹೇಳುತ್ತಿದ್ದೆ ಅಕ್ಕಾ?

ನಿನ್ನ ಮಗಳು ಓದು ಮುಗಿಸುತ್ತಾಳೆ, ಆ ಮಾತು ಕೊಡುತ್ತೇನೆ. ಸೋಮವಾರ ಕಮಲಾಪುರಕ್ಕೆ ಹೋಗಬೇಕು. ಅಲ್ಲಿ ಈಗ ಬುಟ್ಟಿ ಇಟ್ಟುಕೊಂಡು ಕೂಡುವವಳು ರಸೂಲಬಿ ಒಬ್ಬಳೇ. ನನ್ನನ್ನು ಕಂಡ ಕೂಡಲೇ ಅವಳು ಗೋಣಿಚೀಲದ ಮೇಲೆ ಸರಿದು, ಕೂಡಲು ಜಾಗ ಮಾಡಿಕೊಡುತ್ತಾಳೆ.