ಕಳೆ ಉಳಿಯಿತು, ಮರ ಉರುಳಿತು

ಉದ್ಯಾನ ಮತ್ತು ನೈರ್ಮಲ್ಯ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನನ್ನ ಹೆಂಡತಿಗೆ ಉಸಿರು ಕಟ್ಟುತ್ತಿದ್ದುದು ಎದುರಿನ ಖಾಲಿ ನಿವೇಶನದ ಪಾರ್ಥೇನಿಯಂ ಗಿಡಗಳಿಂದ. ತಾವು ಕಡಿಸಿದ್ದು ಅದರ ಅಂಚಿನಲ್ಲಿದ್ದ ಹಳದಿ ಹೂವಿನ ಮರವನ್ನು. ಹೇಳಬೇಕಾದದ್ದು ಇಷ್ಟೇ. ಆದರೆ ಕಚೇರಿಗೆ ವಿವರ ಬೇಕಲ್ಲವೇ?

ನಮ್ಮದು ಹೊಲಿಗೆ ಅಂಗಡಿ. ನಾನು ಬಟ್ಟೆ ಕತ್ತರಿಸುತ್ತೇನೆ, ಅವಳು ಕಿಟಕಿಯ ಬೆಳಕಿಗೆ ಮಿಷನ್ ಹಾಕಿಕೊಂಡು ಹೊಲಿಯುತ್ತಿದ್ದಳು. ಮೊದಲು ಸೀನು, ಆಮೇಲೆ ಕಣ್ಣುರಿ, ಕೊನೆಗೆ ಎದೆಯಲ್ಲಿ ಸೀಟಿ. ವೈದ್ಯರು ಪರೀಕ್ಷಿಸಿ, ಪಾರ್ಥೇನಿಯಂ ಪರಾಗದ ಅಲರ್ಜಿ ಎಂದರು. ನಾವು ದೂರು ಕೊಟ್ಟೆವು. ತಮ್ಮ ಮೇಸ್ತ್ರಿ ಗರಗಸ ಹಿಡಿದು ಬಂದರು. ಸೊಂಟದೆತ್ತರದ ಕಳೆಯ ನಡುವೆ ನಿಂತು ಮರವನ್ನು ನೋಡಿದರು.

"ಅದಲ್ಲಣ್ಣ, ನೀವು ನಿಂತಿರೋ ಜಾಗದಲ್ಲೇ ಇದೆ ನೋಡಿ," ಎಂದೆ.

"ಇದು ಬರೀ ಕಳೆ ಸ್ವಾಮಿ. ಹೂವಿನ ಪರಾಗ ಅಂತ ಆರ್ಡರಿದೆ. ಇದರಲ್ಲಿ ಹೂವೆಲ್ಲಿದೆ?"

"ಆ ಬಿಳೀ ಚುಕ್ಕಿಗಳೇ ಹೂವು."

"ಇದನ್ನ ಹೂವು ಅಂದ್ರೆ ದುಂಬಿಗೂ ನಗು ಬರುತ್ತೆ."

ಮೂಗಿಗೆ ಬಟ್ಟೆ ಹಿಡಿದು ಕಿಟಕಿಯಲ್ಲಿ ನಿಂತಿದ್ದ ನನ್ನ ಹೆಂಡತಿ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಬಿಡ್ರೀ, ಅವರ ಕೈಲಿರೋದು ಗರಗಸ. ಅದಕ್ಕೂ ಮರಾನೇ ಬೇಕು," ಎಂದಳು.

ಆ ಮರದ ಹೂವಿನದು ದುಂಬಿ ಹೊತ್ತೊಯ್ಯುವ ಅಂಟು ಪರಾಗ, ಅದು ಗಾಳಿಯಲ್ಲಿ ಅಷ್ಟಾಗಿ ಹಾರುವುದಿಲ್ಲವಂತೆ. ಹಾಗಾದರೆ ಚೆಂದ ಕಂಡದ್ದೇ ಅಪರಾಧಿ, ಕಣ್ಣಿಗೆ ಬೀಳದ್ದು ನಿರಪರಾಧಿ ಎಂಬ ನ್ಯಾಯ ತಮ್ಮ ಯಾವ ನಿಯಮಾವಳಿಯಲ್ಲಿದೆ? ಮರ ಹೋದ ಮೇಲೆ ಅಲ್ಲಿಗೂ ಬಿಸಿಲು ಬಿತ್ತು. ಅಲ್ಲೂ ಪಾರ್ಥೇನಿಯಂ ಎದ್ದಿತು. 'ದೂರು ಪರಿಹರಿಸಲಾಗಿದೆ' ಎಂಬ ಉತ್ತರವೂ ಬಂತು. ಓದಿದೆ. ಸಿಟ್ಟು ಬರಲಿಲ್ಲ. ಅರ್ಧ ಕತ್ತರಿಸಿದ ಅಂಗಿ ಮೇಜಿನ ಮೇಲಿತ್ತು, ಉಳಿದರ್ಧ ಕತ್ತರಿಸಿದೆ.

ಅವಳೀಗ ಬೇರೆ ಊರಿನಲ್ಲಿ ತಂಗಿಯ ಮನೆಯಲ್ಲಿದ್ದಾಳೆ. ಅಲ್ಲಿ ಉಸಿರಾಟ ಸರಾಗವಂತೆ. ಮೊದಮೊದಲು ಫೋನಿನಲ್ಲಿ "ಕಿತ್ರಾ?" ಎಂದು ಕೇಳುತ್ತಿದ್ದಳು. ಈಚೆಗೆ ಕೇಳುವುದಿಲ್ಲ. ಮೊನ್ನೆ, "ರೀ, ನನ್ನ ಮಿಷನ್ ಇಲ್ಲಿಗೇ ಕಳಿಸಿಬಿಡಿ," ಎಂದಳು. ಆಗಲಿ ಎಂದೆ.

ಮರವನ್ನು ಮರಳಿ ಕೇಳುತ್ತಿಲ್ಲ. ನೆಲ ಇನ್ನೂ ಹಸಿಯಿದೆ, ಬೇರು ಸಲೀಸಾಗಿ ಬರುತ್ತದೆ. ಆಳುಗಳಿಗೆ ಕೈಗವಸು, ಮುಖಗವಸು ಕೊಟ್ಟು ಆ ಕಳೆಯನ್ನು ಬೇರುಸಮೇತ ಕೀಳಿಸಿ. ಮೇಲೆ ಸವರಿ ಹೋದರೆ ಮತ್ತೆ ಚಿಗುರುತ್ತದೆ. ಮುಂದೆಯೂ ಹೂ ಬಿಡುವ ಮೊದಲೇ ಕೀಳಿಸಿ. ಮಿಷನ್ ಒಯ್ಯಲು ಗಾಡಿಯವನು ಭಾನುವಾರ ಬರುತ್ತಾನೆ. ಅಷ್ಟರಲ್ಲಿ ತಮ್ಮವರು ಬಂದರೆ ಅವನನ್ನು ಬರಿಗೈಲಿ ಕಳಿಸುತ್ತೇನೆ.

ಇಂತಿ,
ತಮ್ಮ ಕಡತದ ಪ್ರಕಾರ ಯಾವ ತೊಂದರೆಯೂ ಇಲ್ಲದ ಒಬ್ಬ ದರ್ಜಿ